‘ನೇಪಾಮ್ ಬಾಲಕಿ’ಯ ಚಿತ್ರ ತೆಗೆದವರು ಯಾರು? ಒಂದು ಹೆಸರಿನ ವಿವಾದ ಮತ್ತು ಯುದ್ಧ ಛಾಯಾಗ್ರಾಹಕರ ಬದುಕು

2025ರ ಮೇ ತಿಂಗಳಲ್ಲಿ, ಹತ್ತು ದಿನಗಳ ಅಂತರದಲ್ಲಿ, ಎರಡು ದೊಡ್ಡ ಸಂಸ್ಥೆಗಳು ಒಂದೇ ಚಿತ್ರದ ಬಗ್ಗೆ ಬೇರೆ ಬೇರೆ ತೀರ್ಮಾನ ಕೊಟ್ಟವು. ಬಾಂಬಿನ ಬೆಂಕಿಗೆ ಸುಟ್ಟು ರಸ್ತೆಯಲ್ಲಿ ಅಳುತ್ತ ಓಡಿಬರುವ ಹುಡುಗಿಯ, ವಿಯೆಟ್ನಾಂ ಯುದ್ಧದ ‘ನೇಪಾಮ್ ಬಾಲಕಿ’ ಚಿತ್ರದ ಕೆಳಗೆ ತನ್ನ ಛಾಯಾಗ್ರಾಹಕ ನಿಕ್ ಉಟ್ ಅವರ ಹೆಸರೇ ಮುಂದುವರಿಯುತ್ತದೆ ಎಂದಿತು ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ. ಅದಾದ ಮೇಲೆ ಮೇ 16ರಂದು ಆಮ್‌ಸ್ಟರ್‌ಡ್ಯಾಮ್‌ನ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆ ಅದೇ ಹೆಸರನ್ನು ಅಮಾನತಿನಲ್ಲಿಟ್ಟಿತು. 1973ರಲ್ಲಿ ತಾನೇ ಈ ಚಿತ್ರಕ್ಕೆ ಕೊಟ್ಟ ವರ್ಷದ ಚಿತ್ರ ಪ್ರಶಸ್ತಿಯನ್ನು ಅದು ಹಿಂಪಡೆಯಲಿಲ್ಲ. ಬೇರೆಯವರ ಹೆಸರನ್ನೂ ಹಾಕಲಿಲ್ಲ. ತೆಗೆದವರು ಯಾರು ಎಂಬ ಜಾಗವನ್ನು ಅನುಮಾನಕ್ಕೆ ಬಿಟ್ಟಿತು.

ಇದನ್ನು ಓದಿದ ಹಲವರಿಗೆ ಗೊಂದಲವಾಗಿದ್ದು ಸಹಜ. ಚಿತ್ರ ನಕಲಿಯೇ? ಐವತ್ತಮೂರು ವರ್ಷ ಗೌರವ ಪಡೆದವರು ಸುಳ್ಳು ಹೇಳಿದರೇ? ಒಂದೇ ಸಾಕ್ಷ್ಯ ನೋಡಿದ ಎರಡು ಸಂಸ್ಥೆಗಳಿಗೆ ಎರಡು ಸತ್ಯ ಕಾಣಲು ಹೇಗೆ ಸಾಧ್ಯ? ಚಿತ್ರ ತೆಗೆದವರು ಉಟ್ ಅಲ್ಲ ಎಂದು ವಾದಿಸಿ ಈ ವಿವಾದಕ್ಕೆ ಕಾರಣವಾದ ‘ದಿ ಸ್ಟ್ರಿಂಗರ್’ ಸಾಕ್ಷ್ಯಚಿತ್ರ 2025ರ ಜನವರಿಯಲ್ಲಿ ಸಂಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡು, ಆಮೇಲೆ ನೆಟ್‌ಫ್ಲಿಕ್ಸ್‌ಗೆ ಬಂದಿತು. ಅಲ್ಲಿಂದ ಚರ್ಚೆ ಇನ್ನೂ ಕಾವೇರಿದೆ. ಆದರೆ ಬಹುಪಾಲು ಚರ್ಚೆ ಶಟರ್ ಒತ್ತಿದ ಬೆರಳು ಯಾರದು ಎಂಬಲ್ಲಿಗೇ ನಿಂತುಬಿಡುತ್ತಿದೆ. ಆ ಬೆರಳು ಯಾರದೆಂದು ಇಂದು ಖಚಿತವಾಗಿ ಹೇಳಲಾಗದ ಸ್ಥಿತಿ ಏಕೆ ಬಂತು ಎಂಬ ಪ್ರಶ್ನೆ ಹೆಚ್ಚು ಮುಖ್ಯವಾದದ್ದು. ಯುದ್ಧ ಛಾಯಾಗ್ರಾಹಕರ ಇಡೀ ವೃತ್ತಿ ನಡೆಯುವ ರೀತಿಯನ್ನೇ ಅದು ತೋರಿಸಿಕೊಡುತ್ತದೆ.

ಘಟನೆಯ ಬಗ್ಗೆ ತಕರಾರಿಲ್ಲ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಚಿತ್ರದಲ್ಲಿರುವುದು ನಿಜವಾಗಿ ನಡೆದದ್ದು. ಇದನ್ನು ಈ ವಿವಾದದ ಯಾವ ಪಕ್ಷವೂ ಅಲ್ಲಗಳೆದಿಲ್ಲ. 1972ರ ಜೂನ್ 8ರಂದು, ಅಂದಿನ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ನ ವಾಯವ್ಯಕ್ಕಿರುವ ಟ್ರಾಂಗ್ ಬಾಂಗ್ ಊರಿನ ಮೇಲೆ ದಕ್ಷಿಣ ವಿಯೆಟ್ನಾಂನದೇ ವಾಯುಪಡೆಯ ವಿಮಾನ ಮೈಗೆ ಅಂಟಿಕೊಂಡು ಉರಿಯುವ ನೇಪಾಮ್ ಬಾಂಬ್ ಸುರಿಯಿತು. ಉರಿಯುವ ಬಟ್ಟೆಯನ್ನು ಕಿತ್ತೆಸೆದು ಒಂದನೇ ಹೆದ್ದಾರಿಯಲ್ಲಿ ಅಳುತ್ತ ಓಡಿಬಂದ ಒಂಬತ್ತು ವರ್ಷದ ಹುಡುಗಿ ಕಿಮ್ ಫುಕ್. ಹದಿನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು, ಹಲವು ಶಸ್ತ್ರಚಿಕಿತ್ಸೆಗಳ ನಂತರ ಬದುಕುಳಿದ ಆಕೆ ಮುಂದೆ ಕೆನಡಾದಲ್ಲಿ ನೆಲೆಸಿದರು.

ಅನುಮಾನ ಆಗಲೂ ಎದ್ದಿತ್ತು, ಆದರೆ ಬೇರೆ ಕಡೆಯಿಂದ. ಅಮೆರಿಕದ ಅಧ್ಯಕ್ಷ ನಿಕ್ಸನ್, ಈ ಚಿತ್ರ ಯಾರೋ ಹೊಂದಿಸಿದ್ದಿರಬಹುದೇ ಎಂದು ತಮ್ಮ ಸಹಾಯಕರೊಂದಿಗೆ ಮಾತಾಡಿದ್ದು ಶ್ವೇತಭವನದ ಧ್ವನಿಮುದ್ರಣದಲ್ಲಿದೆ. ಆ ಅನುಮಾನಕ್ಕೆ ಉತ್ತರ ಸುಲಭವಾಗಿತ್ತು. ಅಂದು ಅದೇ ರಸ್ತೆಯಲ್ಲಿ ಹತ್ತಾರು ಪತ್ರಕರ್ತರಿದ್ದರು, ಬ್ರಿಟನ್ನಿನ ಐಟಿಎನ್ ಮತ್ತು ಅಮೆರಿಕದ ಎನ್‌ಬಿಸಿ ವಾಹಿನಿಗಳ ಚಲನಚಿತ್ರ ಕ್ಯಾಮೆರಾಗಳೂ ಓಡುತ್ತಿದ್ದವು. ಘಟನೆಯನ್ನು ಸಾಬೀತುಪಡಿಸಿದ ಆ ತುಣುಕುಗಳನ್ನೇ ಇಂದು ಇನ್ನೊಂದು ಕೆಲಸಕ್ಕೆ ಬಳಸಲಾಗುತ್ತಿದೆ: ಯಾವ ಛಾಯಾಗ್ರಾಹಕ ಯಾವ ಕ್ಷಣದಲ್ಲಿ ರಸ್ತೆಯ ಯಾವ ಭಾಗದಲ್ಲಿ ನಿಂತಿದ್ದ ಎಂದು ಅಳೆಯಲು.

ಒಂದು ಫಿಲ್ಮ್ ರೋಲ್ ಕಚೇರಿ ಸೇರಿದ ಮೇಲೆ

ವಿವಾದ ಹುಟ್ಟಿದ್ದು ರಸ್ತೆಯಲ್ಲಲ್ಲ, ಸೈಗಾನ್‌ನ ಎಪಿ ಕಚೇರಿಯಲ್ಲಿ. ಆ ಕಚೇರಿ ಕೆಲಸ ಮಾಡುತ್ತಿದ್ದ ಬಗೆ ತಿಳಿಯದಿದ್ದರೆ ಇಡೀ ಕಥೆ ಅರ್ಥವಾಗುವುದಿಲ್ಲ.

ಎಪಿಗೆ ಸಂಬಳದ ಛಾಯಾಗ್ರಾಹಕರಿದ್ದರು. ಅವರ ಜೊತೆಗೆ, ಅವರಿಗಿಂತ ದೊಡ್ಡ ಸಂಖ್ಯೆಯಲ್ಲಿ, ಸ್ಟ್ರಿಂಗರ್‌ಗಳಿದ್ದರು. ಇವರು ಸೈನ್ಯದಲ್ಲಿ, ಟಿವಿ ತಂಡಗಳಲ್ಲಿ ಅಥವಾ ಬೇರೆ ಕೆಲಸದಲ್ಲಿದ್ದುಕೊಂಡೇ ಚಿತ್ರ ತೆಗೆದು ತಂದು ಮಾರುತ್ತಿದ್ದ ಸ್ಥಳೀಯರು. ತಂದ ರೋಲ್ ಡಾರ್ಕ್‌ರೂಂಗೆ ಹೋಗುತ್ತಿತ್ತು. ತೊಳೆದ ಫಿಲ್ಮನ್ನು ಸಂಪಾದಕರು ಬೆಳಕಿನ ಮೇಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಬೇಕಾದ ಚೌಕಟ್ಟು ಸಿಕ್ಕರೆ ಪ್ರಿಂಟ್ ಹಾಕಿಸಿ, ಕ್ಯಾಪ್ಷನ್ ಟೈಪ್ ಮಾಡಿ ಅಂಟಿಸುತ್ತಿದ್ದರು. ಅಲ್ಲಿಂದ ರೇಡಿಯೊ ಮೂಲಕ ಟೋಕಿಯೊಗೆ, ಟೋಕಿಯೊದಿಂದ ನ್ಯೂಯಾರ್ಕ್‌ಗೆ ಚಿತ್ರ ಹೋಗುತ್ತಿತ್ತು. ಸ್ಟ್ರಿಂಗರ್‌ಗೆ ಕೈಗೆ ಕೆಲವು ಡಾಲರ್. ಒಮ್ಮೆ ಹಣ ಕೊಟ್ಟರೆ ನೆಗೆಟಿವ್ ಸಂಸ್ಥೆಯದು.

ಇಲ್ಲಿ ಗಮನಿಸಬೇಕಾದದ್ದು, ಚಿತ್ರದ ಕೆಳಗೆ ಹೆಸರು ಬರುತ್ತಿದ್ದುದು ಕ್ಯಾಪ್ಷನ್ ಟೈಪ್ ಮಾಡುವ ಹಂತದಲ್ಲಿ, ಕಚೇರಿಯಲ್ಲಿ ಕುಳಿತವರ ಕೈಯಿಂದ. ತೆಗೆದವರು ಅಲ್ಲಿ ಇರಲೇಬೇಕೆಂದಿರಲಿಲ್ಲ. ಅವರ ಸಹಿ ಬೇಕಿರಲಿಲ್ಲ. ಯಾರ ರೋಲ್ ಯಾವುದು ಎಂಬುದು ಆ ಕ್ಷಣಕ್ಕೆ ಅಲ್ಲಿದ್ದವರಿಗೆ ಗೊತ್ತಿರುತ್ತಿತ್ತು. ಐವತ್ತು ವರ್ಷದ ನಂತರ ಕೇಳುವವರಿಗೆ ತೋರಿಸಲು ಕಾಗದವಿರಲಿಲ್ಲ.

ಆರೋಪ ಏನು, ಉತ್ತರ ಏನು

ಆರೋಪ ಮಾಡಿದವರು ಕಾರ್ಲ್ ರಾಬಿನ್ಸನ್. ಅಂದು ಅದೇ ಕಚೇರಿಯಲ್ಲಿ ಫೋಟೊ ಸಂಪಾದಕರಾಗಿದ್ದವರು. ಚಿತ್ರ ಒಬ್ಬ ಸ್ಟ್ರಿಂಗರ್‌ನದು, ತಾನು ಕ್ಯಾಪ್ಷನ್ ಬರೆಯುವಾಗ ಫೋಟೊ ವಿಭಾಗದ ಮುಖ್ಯಸ್ಥ ಹೋರ್ಸ್ಟ್ ಫಾಸ್ ಅದನ್ನು ನಿಕ್ ಉಟ್ ಹೆಸರಿಗೆ ಹಾಕಲು ಹೇಳಿದರು ಎಂಬುದು ಅವರ ಹೇಳಿಕೆ. ಆ ಸ್ಟ್ರಿಂಗರ್ ನ್ಗುಯೆನ್ ಥಾನ್ ನ್ಗೆ ಎಂದು ಸಾಕ್ಷ್ಯಚಿತ್ರ ಹೇಳುತ್ತದೆ. ಅಂದು ನ್ಗೆ ಎನ್‌ಬಿಸಿ ತಂಡದ ಚಾಲಕರಾಗಿ ಟ್ರಾಂಗ್ ಬಾಂಗ್‌ಗೆ ಹೋಗಿದ್ದರು. ಚಿತ್ರ ತನ್ನದೇ, ಅದಕ್ಕೆ 20 ಡಾಲರ್ ಮತ್ತು ಒಂದು ಪ್ರಿಂಟ್ ಸಿಕ್ಕಿತು ಎನ್ನುತ್ತಾರೆ ಅವರು. ಪ್ಯಾರಿಸ್‌ನ ಇಂಡೆಕ್ಸ್ ಎಂಬ ತನಿಖಾ ತಂಡ ಉಳಿದ ಚಿತ್ರಗಳನ್ನೂ ಟಿವಿ ತುಣುಕುಗಳನ್ನೂ ಜೋಡಿಸಿ ರಸ್ತೆಯ ಮಾದರಿಯೊಂದನ್ನು ಕಟ್ಟಿತು. ಆ ಪ್ರಕಾರ, ಚಿತ್ರ ತೆಗೆದ ಜಾಗದಿಂದ ಉಟ್ ಬಹಳ ದೂರದಲ್ಲಿದ್ದರು, ಅವರು ಅದನ್ನು ತೆಗೆದಿರುವ ಸಾಧ್ಯತೆ ತೀರಾ ಕಡಿಮೆ.

ನಿಕ್ ಉಟ್ ಇದನ್ನು ಪೂರ್ತಿ ಅಲ್ಲಗಳೆಯುತ್ತಾರೆ. ಅಂದು ಅವರಿಗೆ 21 ವರ್ಷ. ಅವರ ಅಣ್ಣ ಹ್ಯೂನ್ ಥಾನ್ ಮಿ ಕೂಡ ಎಪಿ ಛಾಯಾಗ್ರಾಹಕರಾಗಿದ್ದು, 1965ರಲ್ಲಿ ಮೆಕಾಂಗ್ ನದಿಮುಖಜ ಪ್ರದೇಶದ ಕಾಳಗದಲ್ಲಿ ಸತ್ತರು. ಅಣ್ಣನ ಸಾವಿನ ನಂತರ ಹದಿಹರೆಯದ ಹುಡುಗ ಅದೇ ಕಚೇರಿಗೆ ಡಾರ್ಕ್‌ರೂಂ ಕೆಲಸಕ್ಕೆ ಸೇರಿದ. ಟ್ರಾಂಗ್ ಬಾಂಗ್‌ನ ಆ ದಿನ ಸುಟ್ಟ ಮಕ್ಕಳನ್ನು ತಮ್ಮ ವಾಹನದಲ್ಲಿ ಕು ಚಿ ಊರಿನ ಆಸ್ಪತ್ರೆಗೆ ಸೇರಿಸಿದವರು ಉಟ್. ಕಿಮ್ ಫುಕ್ ಇಂದಿಗೂ ಅವರ ಪರವಾಗಿಯೇ ಮಾತಾಡುತ್ತಾರೆ. ಸ್ಥಳದಲ್ಲಿದ್ದ ಛಾಯಾಗ್ರಾಹಕ ಡೇವಿಡ್ ಬರ್ನೆಟ್ ಅವರ ಸಾಕ್ಷ್ಯವೂ ಉಟ್ ಕಡೆಗಿದೆ. ತನ್ನ ಹಳೆಯ ಲೈಕಾ ಕ್ಯಾಮೆರಾಕ್ಕೆ ಹೊಸ ಫಿಲ್ಮ್ ಹಾಕಿಕೊಳ್ಳುತ್ತಿದ್ದಾಗ ಉಟ್ ಮಕ್ಕಳತ್ತ ಮುಂದೆ ಓಡಿದ್ದನ್ನು ಕಂಡೆ ಎನ್ನುತ್ತಾರೆ ಅವರು. ಹೋರ್ಸ್ಟ್ ಫಾಸ್ 2012ರಲ್ಲಿ ತೀರಿಕೊಂಡರು. ಆರೋಪದ ಕೇಂದ್ರದಲ್ಲಿರುವ ವ್ಯಕ್ತಿಗೇ ಉತ್ತರ ಕೊಡುವ ಅವಕಾಶವಿಲ್ಲ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಮರೆಯಬಾರದು.

ಎಪಿ ತಾನೇ ಎರಡು ವರದಿ ಪ್ರಕಟಿಸಿತು. ಎರಡನೆಯ ವರದಿಯ ಅತ್ಯಂತ ಕುತೂಹಲದ ಭಾಗ ಕ್ಯಾಮೆರಾ ಕುರಿತದ್ದು. ಫಿಲ್ಮ್ ಕ್ಯಾಮೆರಾದ ಒಳಗೆ, ಬೆಳಕು ಬೀಳುವ ಕಿಂಡಿಗೆ ಆಯತಾಕಾರದ ಒಂದು ಅಂಚುಪಟ್ಟಿ ಇರುತ್ತದೆ. ಅದರ ಅಳತೆ, ಮೂಲೆಗಳ ಆಕಾರ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ, ಮತ್ತು ಅದರ ಗುರುತು ಪ್ರತಿ ನೆಗೆಟಿವ್‌ನ ಅಂಚಿನಲ್ಲೂ ಉಳಿಯುತ್ತದೆ. ಈ ಚಿತ್ರವನ್ನು ಲೈಕಾದಲ್ಲಿ ತೆಗೆದದ್ದೆಂದು ದಶಕಗಳಿಂದ ನಂಬಲಾಗಿತ್ತು. ಆ ಲೈಕಾವನ್ನು ವಾಷಿಂಗ್ಟನ್‌ನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಿದ್ದೂ ಉಂಟು. ನೆಗೆಟಿವ್‌ನ ಅಂಚನ್ನು ಪರೀಕ್ಷಿಸಿದಾಗ ಅದು ಲೈಕಾದ್ದಲ್ಲ, ಬಹುಶಃ ಪೆಂಟಾಕ್ಸ್ ಕ್ಯಾಮೆರಾದ್ದು ಎಂದು ಎಪಿಯೇ ಒಪ್ಪಿಕೊಂಡಿತು. ನ್ಗೆ ತನ್ನ ಬಳಿ ಪೆಂಟಾಕ್ಸ್ ಇತ್ತು ಎನ್ನುತ್ತಾರೆ. ಆದರೆ ಉಟ್ ಅವರ ಬೇರೆ ಕೆಲವು ನೆಗೆಟಿವ್‌ಗಳಲ್ಲೂ ಪೆಂಟಾಕ್ಸ್‌ನ ಗುರುತುಗಳಿವೆ ಎಂದು ಎಪಿ ತೋರಿಸಿತು. ಹಾಗಾಗಿ ಕ್ಯಾಮೆರಾ ಹಳೆಯ ಕಥೆಯನ್ನು ಅಲುಗಾಡಿಸಿತೇ ಹೊರತು ಹೊಸ ಕಥೆಯನ್ನು ಸ್ಥಾಪಿಸಲಿಲ್ಲ.

ಎರಡು ತೀರ್ಮಾನ ಏಕೆ ಬಂತು

ಎರಡೂ ಸಂಸ್ಥೆಗಳು ಕೇಳಿಕೊಂಡ ಪ್ರಶ್ನೆಯೇ ಬೇರೆ, ಅದಕ್ಕೇ ಉತ್ತರವೂ ಬೇರೆ.

ಎಪಿಯ ಪ್ರಶ್ನೆ: ಈಗಿರುವ ಹೆಸರನ್ನು ತೆಗೆಯಲು ಬೇಕಾದಷ್ಟು ಖಚಿತ ಪುರಾವೆ ಇದೆಯೇ? ಇಲ್ಲ. ಉಟ್ ತೆಗೆದಿರುವುದು ಸಾಧ್ಯ, ಆದರೆ ಸಾಬೀತುಪಡಿಸಲು ಆಗುವುದಿಲ್ಲ. ಬೇರೆಯವರು ತೆಗೆದದ್ದೂ ಸಾಬೀತಾಗಿಲ್ಲ. ಹಾಗಾಗಿ ಇದ್ದದ್ದು ಇರಲಿ. ವರ್ಲ್ಡ್ ಪ್ರೆಸ್ ಫೋಟೊ ಕೇಳಿಕೊಂಡದ್ದು: ಈ ಹೆಸರನ್ನು ನಾವು ಇನ್ನೂ ಖಚಿತವಾಗಿ ಘೋಷಿಸುತ್ತ ಹೋಗಬಹುದೇ? ಅದಕ್ಕೂ ಉತ್ತರ ಇಲ್ಲ. ದೂರ, ಜಾಗ, ಕ್ಯಾಮೆರಾ ಮೂರನ್ನೂ ಗಮನಿಸಿದರೆ ನ್ಗೆ ಅಥವಾ ಹ್ಯೂನ್ ಕಾಂಗ್ ಫುಕ್ ಎಂಬ ಇನ್ನೊಬ್ಬ ಛಾಯಾಗ್ರಾಹಕ ಆ ಚಿತ್ರ ತೆಗೆಯಲು ಹೆಚ್ಚು ಅನುಕೂಲದ ಜಾಗದಲ್ಲಿದ್ದಿರಬಹುದು ಎಂದಿತು ಸಂಸ್ಥೆ. ಮೂರನೆಯ ಹೆಸರೊಂದು ಇಲ್ಲಿದೆ ಎಂಬುದನ್ನು ಹೆಚ್ಚಿನ ಸುದ್ದಿಗಳು ಬಿಟ್ಟೇಬಿಟ್ಟವು.

ಅಂದರೆ ಸಾಕ್ಷ್ಯದ ಬಗ್ಗೆ ಎರಡರ ನಡುವೆ ಇರುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಅನುಮಾನದ ಲಾಭ ಯಾರಿಗೆ ಸಲ್ಲಬೇಕು ಎಂಬಲ್ಲಿ ಭಿನ್ನತೆ. ನನಗೆ ವರ್ಲ್ಡ್ ಪ್ರೆಸ್ ಫೋಟೊದ ದಾರಿ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದು ಪತ್ರಿಕಾವೃತ್ತಿಯ ಮೊದಲ ಪಾಠ, ಸ್ವಂತ ದಾಖಲೆಗಳಿಗೂ ಅದು ಅನ್ವಯಿಸಬೇಕು. ಆದರೆ ಇಷ್ಟನ್ನೇ ಆಧಾರವಾಗಿಟ್ಟುಕೊಂಡು ಉಟ್ ಅವರನ್ನು ವಂಚಕ ಎಂದು ಕರೆಯುತ್ತಿರುವವರು ಘೋರ ಅನ್ಯಾಯ ಮಾಡುತ್ತಿದ್ದಾರೆ. ರಾಬಿನ್ಸನ್ ಹೇಳಿದ್ದು ಅಕ್ಷರಶಃ ನಿಜವೆಂದೇ ಇಟ್ಟುಕೊಂಡರೂ ಹೆಸರು ಬದಲಿಸಿದ್ದು ಕಚೇರಿ. ಐದು ದಶಕ ದಾಖಲೆ ಕಾಪಾಡಬೇಕಿದ್ದದ್ದೂ ಕಚೇರಿಯೇ.

ಹಳೆಯ ರೋಗ

ಯುದ್ಧ ಛಾಯಾಗ್ರಹಣ ಹುಟ್ಟಿದಾಗಿನಿಂದಲೂ ಹೆಸರಿನ ಹಿಡಿತ ಚಿತ್ರ ತೆಗೆದವರ ಕೈಯಲ್ಲಿ ಇದ್ದದ್ದು ಕಡಿಮೆ. 1862ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಂತರ್ಯುದ್ಧದ ಆಂಟೀಟಮ್ ಕಾಳಗ ನಡೆಯಿತು. ಮುಂದಿನ ತಿಂಗಳೇ ನ್ಯೂಯಾರ್ಕ್‌ನಲ್ಲಿ ಮ್ಯಾಥ್ಯೂ ಬ್ರಾಡಿಯ ಗ್ಯಾಲರಿಯಲ್ಲಿ ಸತ್ತ ಸೈನಿಕರ ಚಿತ್ರಗಳನ್ನು ಕಂಡ ಜನ ಬೆಚ್ಚಿಬಿದ್ದರು, ಬ್ರಾಡಿಯ ಧೈರ್ಯವನ್ನು ಕೊಂಡಾಡಿದರು. ಹೆಣಗಳ ನಡುವೆ ಕ್ಯಾಮೆರಾ ಹೊತ್ತು ನಡೆದವರು ಅಲೆಕ್ಸಾಂಡರ್ ಗಾರ್ಡ್ನರ್ ಮತ್ತು ಜೇಮ್ಸ್ ಗಿಬ್ಸನ್. ಗಾರ್ಡ್ನರ್ ಸ್ವಲ್ಪ ದಿನದಲ್ಲೇ ಬ್ರಾಡಿಯನ್ನು ಬಿಟ್ಟು ಹೊರಬಂದರು. 1866ರಲ್ಲಿ ಯುದ್ಧದ ಚಿತ್ರಸಂಪುಟ ಹೊರತಂದಾಗ ಪ್ರತಿ ಚಿತ್ರದ ನೆಗೆಟಿವ್ ಯಾರದು, ಪ್ರಿಂಟ್ ಯಾರದು ಎಂದು ಬೇರೆ ಬೇರೆಯಾಗಿ ಅಚ್ಚು ಹಾಕಿಸಿದರು. ಒಂದೂವರೆ ಶತಮಾನದ ಹಿಂದೆಯೇ ಒಬ್ಬ ಛಾಯಾಗ್ರಾಹಕ ಈ ಸಮಸ್ಯೆಗೆ ಪರಿಹಾರ ಕಂಡುಕೊಂಡಿದ್ದ.

ಸ್ಪೇನ್‌ನ ಅಂತರ್ಯುದ್ಧದ ಕಥೆ ಇನ್ನೂ ಜಟಿಲ. ಹಂಗೇರಿಯ ಎಂಡ್ರೆ ಫ್ರೀಡ್‌ಮನ್ ಮತ್ತು ನಾಜಿ ಜರ್ಮನಿ ಬಿಟ್ಟು ಬಂದ ಗೆರ್ಟಾ ಪೊಹೊರಿಲ್ ಪ್ಯಾರಿಸ್‌ನಲ್ಲಿ ಹೊಟ್ಟೆಪಾಡಿಗಾಗಿ ‘ರಾಬರ್ಟ್ ಕಾಪಾ’ ಎಂಬ ಶ್ರೀಮಂತ ಅಮೆರಿಕನ್ ಛಾಯಾಗ್ರಾಹಕನನ್ನು ಕಲ್ಪಿಸಿಕೊಂಡರು. ಆ ಹೆಸರಿಗೆ ಪತ್ರಿಕೆಗಳು ಹೆಚ್ಚು ಹಣ ಕೊಡುತ್ತಿದ್ದವು. ಕಾಲಕ್ರಮೇಣ ಕಾಪಾ ಎಂಬುದು ಎಂಡ್ರೆಯ ಹೆಸರಾಗಿ ಉಳಿಯಿತು, ಗೆರ್ಟಾ ‘ಗೆರ್ಡಾ ಟಾರೊ’ ಆದರು. 1937ರ ಜುಲೈನಲ್ಲಿ ಬ್ರೂನೆಟೆ ಕಾಳಗದಿಂದ ಹಿಂದಿರುಗುವಾಗ ಟ್ಯಾಂಕ್‌ಗೆ ಸಿಕ್ಕು ಟಾರೊ ಸತ್ತರು. ಆಮೇಲೆ ಅವರ ಎಷ್ಟೋ ಚಿತ್ರಗಳು ಕಾಪಾ ಹೆಸರಿನಲ್ಲೇ ಓಡಾಡಿದವು. 2007ರಲ್ಲಿ ಮೆಕ್ಸಿಕೊದಿಂದ ಬಂದ ಪೆಟ್ಟಿಗೆಗಳಲ್ಲಿ ಸ್ಪೇನ್ ಯುದ್ಧದ ಸುಮಾರು 4,500 ನೆಗೆಟಿವ್‌ಗಳು ಸಿಕ್ಕವು. ರೋಲ್‌ಗಳು ಇಡಿಯಾಗಿ ಉಳಿದಿದ್ದರಿಂದ ಯಾವ ಚೌಕಟ್ಟು ಯಾರ ಸಾಲಿನಲ್ಲಿದೆ ಎಂದು ನೋಡಿ ಕೆಲವನ್ನು ಟಾರೊಗೆ ಹಿಂದಿರುಗಿಸಲು ಸಾಧ್ಯವಾಯಿತು. ಕತ್ತರಿಸಿ ಬಿಡಿಬಿಡಿಯಾದ ನೆಗೆಟಿವ್‌ಗಳಿಂದ ಇಂಥ ತೀರ್ಮಾನಕ್ಕೆ ಬರುವುದು ಕಷ್ಟ.

ಈ ಅನುಭವದಿಂದ ಒಂದು ಒಳ್ಳೆಯದೂ ಹುಟ್ಟಿತು. 1947ರಲ್ಲಿ ಕಾಪಾ, ಡೇವಿಡ್ ಸೀಮೂರ್, ಹೆನ್ರಿ ಕಾರ್ಟಿಯೆ ಬ್ರೆಸೊನ್ ಮತ್ತು ಜಾರ್ಜ್ ರಾಜರ್ ಸೇರಿ ಮ್ಯಾಗ್ನಮ್ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ನೆಗೆಟಿವ್ ಮತ್ತು ಹಕ್ಕುಸ್ವಾಮ್ಯ ಛಾಯಾಗ್ರಾಹಕನದೇ, ಪತ್ರಿಕೆಗೆ ಸಿಗುವುದು ಬಳಕೆಯ ಅನುಮತಿ ಮಾತ್ರ ಎಂಬುದು ಅದರ ತಳಹದಿ. ಆದರೆ ಈ ಅನುಕೂಲ ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಕಾಲೂರಿದವರಿಗೆ ದಕ್ಕಿತು. ಸೈಗಾನ್‌ನ ಚಾಲಕನಿಗೋ ಸೈನಿಕನಿಗೋ ಅಲ್ಲ.

ಹೆಸರಿಲ್ಲದೆಯೂ ಪ್ರಶಸ್ತಿ ಕೊಡಬಹುದು ಎಂಬುದಕ್ಕೆ ಒಂದು ಉದಾಹರಣೆಯಿದೆ. 1979ರ ಆಗಸ್ಟ್‌ನಲ್ಲಿ ಇರಾನ್‌ನ ಸನಂದಜ್ ವಿಮಾನನಿಲ್ದಾಣದ ಬಳಿ ಕ್ರಾಂತಿಕಾರಿ ಸರ್ಕಾರದ ಬಂದೂಕುಧಾರಿಗಳು ಹನ್ನೊಂದು ಮಂದಿಗೆ ಗುಂಡಿಕ್ಕಿದರು. ಆ ಕ್ಷಣದ ಚಿತ್ರವನ್ನು ಟೆಹರಾನ್‌ನ ಎತ್ತೆಲಾತ್ ಪತ್ರಿಕೆ ಹೆಸರಿಲ್ಲದೆ ಪ್ರಕಟಿಸಿತು. ಹೆಸರು ಹಾಕಿದ್ದರೆ ಛಾಯಾಗ್ರಾಹಕನ ಜೀವ ಹೋಗುತ್ತಿತ್ತು. ಅಮೆರಿಕದ ಪ್ರತಿಷ್ಠಿತ ಪತ್ರಿಕಾ ಪ್ರಶಸ್ತಿಯಾದ ಪುಲಿಟ್ಜರ್ ಅನ್ನು 1980ರಲ್ಲಿ ‘ಹೆಸರು ತಿಳಿಸದ ಛಾಯಾಗ್ರಾಹಕ’ನಿಗೆ ಕೊಡಲಾಯಿತು. ತೆಗೆದವರು ಜಹಾಂಗೀರ್ ರಜ್ಮಿ ಎಂದು ಜಗತ್ತಿಗೆ ತಿಳಿದದ್ದು 2006ರಲ್ಲಿ, ಪ್ರಶಸ್ತಿ ಅವರ ಕೈಸೇರಿದ್ದು 2007ರಲ್ಲಿ. ಖಾಲಿ ಬಿಟ್ಟ ಜಾಗದಲ್ಲಿ ಮುಂದೆ ಸರಿಯಾದ ಹೆಸರು ಬರೆಯಲು ಸಾಧ್ಯವಾಯಿತು. ವರ್ಲ್ಡ್ ಪ್ರೆಸ್ ಫೋಟೊದ ಈಗಿನ ನಿರ್ಧಾರವನ್ನು ಅವಮಾನವೆಂದು ನೋಡುವವರು ಇದನ್ನು ನೆನೆಯಬೇಕು.

ಒಂದು ಸಾಲಿನ ಹೆಸರಿಗೆ ಇಷ್ಟು ಬೆಲೆ ಏಕೆ

ಯುದ್ಧ ಛಾಯಾಗ್ರಾಹಕರ ಆಸ್ತಿ ಎಂದರೆ ಹೆಸರು ಮತ್ತು ಚಿತ್ರಗಳ ಸಂಗ್ರಹ, ಅಷ್ಟೇ. ಮುಂದಿನ ಕೆಲಸ ಸಿಗುವುದು ಅದರಿಂದ. ವಿಮೆ, ಬುಲೆಟ್‌ಪ್ರೂಫ್ ಅಂಗಿ, ಪ್ರಥಮ ಚಿಕಿತ್ಸೆಯ ತರಬೇತಿ ಕೊಡುವ ಸಂಸ್ಥೆಯ ಒಪ್ಪಂದ ಸಿಗುವುದೂ ಅದರಿಂದ. ಯುದ್ಧ ತಮ್ಮ ಊರನ್ನೇ ನುಂಗಿದಾಗ ವೀಸಾ ಅರ್ಜಿಯ ಜೊತೆ ತೋರಿಸಲು ಇರುವ ಪುರಾವೆಯೂ ಅದೇ. ಉಟ್ ಸೈಗಾನ್‌ನಿಂದ ಹೊರಬಂದ ಮೇಲೆ ದಶಕಗಳ ಕಾಲ ಎಪಿಯಲ್ಲೇ ದುಡಿದರು. ನ್ಗೆ ಕೂಡ ಮುಂದೆ ಅಮೆರಿಕ ಸೇರಿದರು, ಆದರೆ ಅವರ ಹೆಸರು ಜಗತ್ತಿಗೆ ತಿಳಿಯಲು ಅರ್ಧ ಶತಮಾನ ಬೇಕಾಯಿತು. ಚಿತ್ರ ಯಾರದೇ ಇರಲಿ, ಇಬ್ಬರ ಬದುಕಿನ ನಡುವಿನ ಈ ಅಂತರ ಒಂದು ಕ್ಯಾಪ್ಷನ್ ಸಾಲಿನಿಂದ ಎಷ್ಟು ಹಿಗ್ಗಬಲ್ಲದು ಎಂಬುದು ಕಣ್ಣೆದುರಿಗಿದೆ.

ಕೆಲಸದ ಸ್ವರೂಪವೇ ಅಪಾಯದ್ದು. ವರದಿಗಾರರು ಘಟನೆ ಮುಗಿದ ಮೇಲೆ ಬಂದು ನಾಲ್ಕು ಜನರನ್ನು ಮಾತಾಡಿಸಿ ಬರೆಯಬಹುದು. ಛಾಯಾಗ್ರಾಹಕರು ಆ ಕ್ಷಣಕ್ಕೆ ಅಲ್ಲೇ ಇರಬೇಕು, ಅದೂ ಹತ್ತಿರದಲ್ಲಿ. ವಿಯೆಟ್ನಾಂ ಕಾಲದಲ್ಲಿ ಒಂದು ರೋಲ್‌ನಲ್ಲಿ 36 ಚೌಕಟ್ಟು. ಮೂವತ್ತಾರನೆಯದು ಮುಗಿದಾಗ ಗುಂಡು ಹಾರುತ್ತಿದ್ದರೂ ತಲೆ ತಗ್ಗಿಸಿ ರೋಲ್ ಬದಲಿಸಬೇಕು. ಬರ್ನೆಟ್ ಕೈತಪ್ಪಿ ಹೋದದ್ದು ಅಂಥ ಕ್ಷಣವೇ. ಇಂಡೊಚೈನಾ ಮತ್ತು ವಿಯೆಟ್ನಾಂ ಯುದ್ಧಗಳಲ್ಲಿ ಎಲ್ಲ ಕಡೆಯವರೂ ಸೇರಿ 135 ಛಾಯಾಗ್ರಾಹಕರು ಸತ್ತರು ಅಥವಾ ಕಾಣೆಯಾದರು. ಅವರ ಚಿತ್ರಗಳನ್ನು ಹುಡುಕಿ ಸ್ಮಾರಕಸಂಪುಟ ತಂದವರಲ್ಲಿ ಒಬ್ಬರು, ಇಂದು ಆರೋಪ ಹೊತ್ತಿರುವ ಇದೇ ಹೋರ್ಸ್ಟ್ ಫಾಸ್. ಸ್ಥಳೀಯ ವಿಯೆಟ್ನಾಮಿಗಳ ಹೆಸರುಗಳನ್ನು ಮರೆವಿನಿಂದ ಎತ್ತಿ ತಂದವರು ಅವರು. ಮನುಷ್ಯರನ್ನು ಒಂದೇ ದಿನದ ಒಂದು ಆರೋಪದಿಂದ ಅಳೆಯಲಾಗದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ದೇಹಕ್ಕೆ ಏನೂ ಆಗದೆ ಹಿಂದಿರುಗಿದವರಿಗೂ ಬಿಡುಗಡೆಯಿಲ್ಲ. ಟೊರಾಂಟೊದ ಮನೋವೈದ್ಯ ಆಂಟನಿ ಫೈನ್‌ಸ್ಟೈನ್ ಮತ್ತು ಸಂಗಡಿಗರು 140 ಯುದ್ಧ ಪತ್ರಕರ್ತರ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 28.6ರಷ್ಟು ಮಂದಿ ಜೀವನದ ಒಂದಲ್ಲ ಒಂದು ಹಂತದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿಗೆ ಒಳಗಾಗಿದ್ದರು. ಯುದ್ಧ ಮಾಡಿ ಬಂದ ಸೈನಿಕರಲ್ಲಿ ಕಾಣುವ ಪ್ರಮಾಣಕ್ಕೆ ಇದು ಹತ್ತಿರ. ಸೈನಿಕನಿಗೆ ಸೇನಾ ಆಸ್ಪತ್ರೆ, ಪಿಂಚಣಿ ಇರುತ್ತದೆ. ಚಿತ್ರಕ್ಕಿಷ್ಟು ಎಂದು ಹಣ ಪಡೆಯುವವರಿಗೆ ಯಾವುದೂ ಇಲ್ಲ.

ಇಂದಿನ ಸ್ಟ್ರಿಂಗರ್‌ಗಳು

ಇದೆಲ್ಲ ಹಳೆಯ ಕಾಲದ ಮಾತು ಎಂದು ಬದಿಗಿಡುವಂತಿಲ್ಲ. ಕಳೆದ ಎರಡು ದಶಕದಲ್ಲಿ ಸುದ್ದಿಮನೆಗಳು ವಿದೇಶಿ ಕಚೇರಿಗಳನ್ನು ಮುಚ್ಚಿದವು. ಅಪಹರಣ, ಹತ್ಯೆಗಳ ಭಯದಿಂದ ತಮ್ಮ ಸಿಬ್ಬಂದಿಯನ್ನು ಕಳುಹಿಸುವುದನ್ನು ಕಡಿಮೆ ಮಾಡಿದವು. ಚಿತ್ರಗಳ ಬೇಡಿಕೆ ಮಾತ್ರ ತಗ್ಗಲಿಲ್ಲ. ಹಾಗಾಗಿ ಅಪಾಯ ನಿಧಾನವಾಗಿ ಸ್ಥಳೀಯರ ಹೆಗಲಿಗೆ ಜಾರಿತು.

2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಛಾಯಾಗ್ರಾಹಕರಾದ ಟಿಮ್ ಹೆದರಿಂಗ್ಟನ್ ಮತ್ತು ಕ್ರಿಸ್ ಹೊಂಡ್ರೊಸ್ ಷೆಲ್ ದಾಳಿಗೆ ಸಿಕ್ಕು ಸತ್ತರು. ಹೆದರಿಂಗ್ಟನ್ ಅವರ ತೊಡೆಯ ರಕ್ತನಾಳ ಹರಿದಿತ್ತು. ರಕ್ತ ನಿಲ್ಲಿಸುವುದು ಗೊತ್ತಿದ್ದವರು ಪಕ್ಕದಲ್ಲಿದ್ದರೆ ಅವರು ಉಳಿಯುತ್ತಿದ್ದರೇನೋ ಎಂಬ ಕೊರಗಿನಿಂದ ಅವರ ಸ್ನೇಹಿತ ಸೆಬಾಸ್ಟಿಯನ್ ಯುಂಗರ್, ಯಾವ ಸಂಸ್ಥೆಯ ಸಿಬ್ಬಂದಿಯೂ ಅಲ್ಲದೆ ಬಿಡಿಯಾಗಿ ದುಡಿಯುವ ಫ್ರೀಲ್ಯಾನ್ಸರ್‌ಗಳಿಗೆ ಪ್ರಥಮ ಚಿಕಿತ್ಸೆ ಕಲಿಸುವ ಸಂಸ್ಥೆ ಶುರುಮಾಡಿದರು. ಎರಡು ವರ್ಷದ ನಂತರ, 2013ರ ಡಿಸೆಂಬರ್‌ನಲ್ಲಿ, ಸಿರಿಯಾದ ಅಲೆಪ್ಪೊದಲ್ಲಿ ಸುದ್ದಿಸಂಸ್ಥೆ ರಾಯಿಟರ್ಸ್‌ಗೆ ಚಿತ್ರ ಕಳುಹಿಸುತ್ತಿದ್ದ ಹದಿಹರೆಯದ ಮೊಲ್ಹೆಮ್ ಬರಕಾತ್ ಸತ್ತ. ಅಷ್ಟು ಚಿಕ್ಕ ಹುಡುಗನಿಂದ ಚಿತ್ರ ಕೊಳ್ಳುವುದು ಸರಿಯೇ, ಸಂಸ್ಥೆ ಅವನಿಗೆ ತರಬೇತಿ, ರಕ್ಷಣಾ ಸಾಮಗ್ರಿ ಕೊಟ್ಟಿತ್ತೇ ಎಂಬ ಪ್ರಶ್ನೆಗಳು ಅಂದು ಎದ್ದವು.

ಗಾಜಾದಲ್ಲಿ ಈ ವ್ಯವಸ್ಥೆ ತನ್ನ ತುತ್ತತುದಿ ಮುಟ್ಟಿತು. 2023ರ ಅಕ್ಟೋಬರ್ ನಂತರ ಇಸ್ರೇಲ್ ವಿದೇಶಿ ಪತ್ರಕರ್ತರಿಗೆ ಸ್ವತಂತ್ರವಾಗಿ ಒಳಹೋಗಲು ಬಿಡಲಿಲ್ಲ, ತನ್ನ ಸೈನ್ಯದ ಜೊತೆ ಹೋಗುವುದಕ್ಕೆ ಮಾತ್ರ ಅವಕಾಶ ಕೊಟ್ಟಿತು. ಹಾಗಾಗಿ ಅಲ್ಲಿಂದ ಜಗತ್ತು ಕಂಡ ಬಹುತೇಕ ಪ್ರತಿಯೊಂದು ಚಿತ್ರವೂ ಅಲ್ಲಿನವರೇ ತೆಗೆದದ್ದು. 2024ರ ವರ್ಲ್ಡ್ ಪ್ರೆಸ್ ಫೋಟೊ ವರ್ಷದ ಚಿತ್ರ ರಾಯಿಟರ್ಸ್‌ನ ಮೊಹಮ್ಮದ್ ಸಲೇಂ ಅವರದು, 2025ರದ್ದು ಗಾಜಾದವರೇ ಆದ ಸಮರ್ ಅಬು ಎಲೂಫ್ ಅವರದು. 2024ರಲ್ಲಿ ಜಗತ್ತಿನಾದ್ಯಂತ ಕನಿಷ್ಠ 124 ಪತ್ರಕರ್ತರು ಮತ್ತು ಮಾಧ್ಯಮ ಕೆಲಸಗಾರರು ಸತ್ತರು, ಅವರಲ್ಲಿ 43 ಮಂದಿ ಫ್ರೀಲ್ಯಾನ್ಸರ್‌ಗಳು ಎಂದು ಪತ್ರಕರ್ತರ ರಕ್ಷಣಾ ಸಮಿತಿ ಸಿಪಿಜೆ ಲೆಕ್ಕ ಕೊಟ್ಟಿತು. 2025ರ ಜುಲೈನಲ್ಲಿ ಫ್ರಾನ್ಸ್‌ನ ಸುದ್ದಿಸಂಸ್ಥೆ ಎಎಫ್‌ಪಿ ಪತ್ರಕರ್ತರ ಸಂಘ, ಗಾಜಾದಲ್ಲಿ ತಮಗಾಗಿ ದುಡಿಯುತ್ತಿರುವ ಫ್ರೀಲ್ಯಾನ್ಸರ್‌ಗಳು ಹಸಿವಿನಿಂದ ಸಾಯಬಹುದೆಂದು ಬಹಿರಂಗವಾಗಿ ಎಚ್ಚರಿಸಿತು. ಆಗಸ್ಟ್ 25ರಂದು ಖಾನ್ ಯೂನಿಸ್‌ನ ನಾಸರ್ ಆಸ್ಪತ್ರೆಯ ಮೇಲೆ ಇಸ್ರೇಲ್ ನಡೆಸಿದ ದಾಳಿಯಲ್ಲಿ ಐವರು ಪತ್ರಕರ್ತರು ಸತ್ತರು. ಅವರಲ್ಲೊಬ್ಬರು ಮರಿಯಂ ದಗ್ಗಾ. ಎಪಿಗೆ ದುಡಿಯುತ್ತಿದ್ದ ಅವರೂ ಫ್ರೀಲ್ಯಾನ್ಸರ್. ಇಸ್ರೇಲ್ ಪ್ರಧಾನಿ ಇದನ್ನು ದುರಂತಕರ ಅವಘಡ ಎಂದರು. ಹಮಾಸ್ ಇಟ್ಟದ್ದೆಂದು ಭಾವಿಸಿದ ಕ್ಯಾಮೆರಾದ ಮೇಲೆ ಗುರಿಯಿಡಲಾಗಿತ್ತು ಎಂದಿತು ಸೈನ್ಯ.

1972ಕ್ಕೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಒಪ್ಪಬೇಕು. ಇಂದು ಸ್ಥಳೀಯರ ಹೆಸರು ಚಿತ್ರದ ಕೆಳಗೆ ಬರುತ್ತದೆ, ದೊಡ್ಡ ಪ್ರಶಸ್ತಿಗಳೂ ಅವರಿಗೆ ಸಲ್ಲುತ್ತಿವೆ. ಹೆಸರಿನ ಜೊತೆ ಬರಬೇಕಾದ ಉಳಿದದ್ದು, ಅಂದರೆ ವಿಮೆ, ನಿಗದಿತ ವೇತನ, ಸತ್ತರೆ ಕುಟುಂಬಕ್ಕೆ ಪರಿಹಾರ, ಚಿತ್ರದ ಮೇಲಿನ ಹಕ್ಕು ಮಾತ್ರ ಸಂಸ್ಥೆಯಿಂದ ಸಂಸ್ಥೆಗೆ, ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ.

ಹೆಸರೇ ಕುತ್ತಾಗುವುದೂ ಉಂಟು. 2023ರ ನವೆಂಬರ್‌ನಲ್ಲಿ ಇಸ್ರೇಲ್ ಪರ ಮಾಧ್ಯಮ ನಿಗಾ ಗುಂಪೊಂದು, ಹಮಾಸ್ ನಡೆಸಿದ ಅಕ್ಟೋಬರ್ 7ರ ದಾಳಿಯ ಚಿತ್ರ ತೆಗೆದ ಗಾಜಾದ ಫ್ರೀಲ್ಯಾನ್ಸರ್‌ಗಳ ಹೆಸರುಗಳನ್ನು ಎತ್ತಿ ಅವರಿಗೆ ದಾಳಿಯ ಸುಳಿವು ಮೊದಲೇ ಇತ್ತೇ ಎಂಬ ಪ್ರಶ್ನೆ ಹರಿಯಬಿಟ್ಟಿತು. ಸುದ್ದಿಸಂಸ್ಥೆಗಳು ತಮಗೆ ಮುಂಚಿತ ಮಾಹಿತಿ ಇರಲಿಲ್ಲವೆಂದು ತಳ್ಳಿಹಾಕಿದವು, ಸುಳಿವಿತ್ತು ಎಂಬುದಕ್ಕೆ ಪುರಾವೆಯೂ ಬರಲಿಲ್ಲ. ಆದರೆ ಅಷ್ಟರಲ್ಲಿ ಹೆಸರುಗಳು ಊರೆಲ್ಲ ಹರಡಿ, ಬೆದರಿಕೆಗಳು ಶುರುವಾಗಿದ್ದವು. ರಜ್ಮಿಯ ಪತ್ರಿಕೆ ಹೆಸರು ಮುಚ್ಚಿಟ್ಟದ್ದು ಏಕೆಂದು ಇದರಿಂದ ಅರ್ಥವಾಗುತ್ತದೆ.

ತಂತ್ರಜ್ಞಾನ ಎಷ್ಟು ಸಹಾಯ ಮಾಡೀತು

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಟ್ರಾಂಗ್ ಬಾಂಗ್‌ನಂಥ ಅನುಮಾನ ಹುಟ್ಟುವುದೇ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಅರ್ಧ ನಿಜ. ಪ್ರತಿ ಚಿತ್ರದ ಕಡತದೊಳಗೆ ತೆಗೆದ ಸಮಯ, ಕ್ಯಾಮೆರಾದ ಮಾದರಿ, ಎಷ್ಟೋ ಸಲ ಅದರ ಕ್ರಮಸಂಖ್ಯೆಯೂ ದಾಖಲಾಗುತ್ತದೆ. 2023ರಲ್ಲಿ ಲೈಕಾ ಹೊರತಂದ ಕ್ಯಾಮೆರಾ, ಚಿತ್ರ ತೆಗೆದ ಕ್ಷಣದಲ್ಲೇ ಅದಕ್ಕೆ ಡಿಜಿಟಲ್ ಮುದ್ರೆ ಒತ್ತುತ್ತದೆ. ಆಮೇಲೆ ಯಾರಾದರೂ ಬದಲಿಸಿದರೆ ಅದು ಗೊತ್ತಾಗುತ್ತದೆ. ಸೋನಿ, ನಿಕಾನ್ ಕೂಡ ಈ ದಾರಿಗೆ ಬಂದಿವೆ. ಕೃತಕ ಬುದ್ಧಿಮತ್ತೆ ಯುದ್ಧದ ಚಿತ್ರಗಳನ್ನೇ ಹುಟ್ಟಿಸುತ್ತಿರುವಾಗ ಇಂಥ ಮುದ್ರೆ ಅತ್ಯಗತ್ಯ.

ಆದರೆ ಕ್ಯಾಮೆರಾದ ಕ್ರಮಸಂಖ್ಯೆ ಅದನ್ನು ಹಿಡಿದ ಕೈಯನ್ನು ಹೇಳುವುದಿಲ್ಲ. ಮುತ್ತಿಗೆಯಲ್ಲಿರುವ ಊರಿನಲ್ಲಿ ಒಂದು ಕ್ಯಾಮೆರಾವನ್ನು ನಾಲ್ವರು ಹಂಚಿಕೊಳ್ಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಾಗ ಈ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ನೆಟ್‌ವರ್ಕ್ ಸಿಗದ ಜಾಗದಲ್ಲಿ ಬೇರೆ ದಾರಿಯೂ ಇರುವುದಿಲ್ಲ. ಇನ್ನೊಂದು ಅಪಾಯ, ಚಿತ್ರದೊಳಗೆ ಸ್ಥಳದ ಮಾಹಿತಿ ಉಳಿದುಕೊಂಡರೆ ತೆಗೆದವರ ಅಡಗುತಾಣ ಶತ್ರುವಿಗೆ ತಿಳಿಯಬಹುದು. ಯಂತ್ರ ಬರೆದಿಡುವುದನ್ನು ಬರೆದಿಡಲಿ, ಸಂಸ್ಥೆಯ ಮನುಷ್ಯರು ಒಂದು ಒಪ್ಪಂದಪತ್ರ ಮತ್ತು ಸುರಕ್ಷಿತ ದಾಖಲೆ ಇಡದೆ ಈ ಪ್ರಶ್ನೆ ಬಗೆಹರಿಯುವುದಿಲ್ಲ.

ಮುಂದೇನಾಗಬಹುದು

ಟ್ರಾಂಗ್ ಬಾಂಗ್ ಚಿತ್ರದ ಮಟ್ಟಿಗೆ ಅಂತಿಮ ಉತ್ತರ ಸಿಗುವ ಸಾಧ್ಯತೆ ಕಡಿಮೆ. ಸಾಕ್ಷಿಗಳಲ್ಲಿ ಹಲವರು ತೀರಿಕೊಂಡಿದ್ದಾರೆ, ಇರುವವರ ನೆನಪು ಐವತ್ತು ವರ್ಷ ಹಳೆಯದು. ಕಾಣೆಯಾಗಿರುವ ನೆಗೆಟಿವ್‌ಗಳು ಎಲ್ಲಾದರೂ ಸಿಕ್ಕರೆ ಮಾತ್ರ ಚಿತ್ರಣ ಬದಲಾಗಬಹುದು. ಅಲ್ಲಿಯವರೆಗೆ ಒಂದೇ ಚಿತ್ರ ಎರಡು ರೀತಿಯ ಅಡಿಬರಹದೊಂದಿಗೆ ಓಡಾಡುತ್ತದೆ. ಪಠ್ಯಪುಸ್ತಕ, ವಸ್ತುಸಂಗ್ರಹಾಲಯ, ಪತ್ರಿಕೆಗಳು ಯಾವುದನ್ನು ಬಳಸಬೇಕೆಂದು ತಾವೇ ನಿರ್ಧರಿಸಬೇಕು. ‘ನಿಕ್ ಉಟ್ ಅವರದೆಂದು ದಾಖಲಾಗಿದೆ, ಈಗ ವಿವಾದದಲ್ಲಿದೆ’ ಎಂದು ಬರೆದರೆ ಯಾರಿಗೂ ಅನ್ಯಾಯವಾಗದು.

ಇದರ ನೇರ ಪರಿಣಾಮ ಇತರ ಹಳೆಯ ಸಂಗ್ರಹಗಳ ಮೇಲೂ ಆಗುತ್ತದೆ. ಯುದ್ಧಭೂಮಿಯ ಕಚೇರಿಗಳಲ್ಲಿ ಸ್ಥಳೀಯರಿಂದ ಕೊಂಡ ಸಾವಿರಾರು ಚಿತ್ರಗಳು ಸಂಸ್ಥೆಯ ಹೆಸರಿನಲ್ಲೋ ಯಾವುದೋ ಸಿಬ್ಬಂದಿಯ ಹೆಸರಿನಲ್ಲೋ ಉಳಿದಿರಬಹುದು. ಕುಟುಂಬಗಳು ಕೇಳಲು ಶುರುಮಾಡುತ್ತವೆ. ಎಪಿ ತನ್ನ ತನಿಖೆಯ ವಿವರಗಳನ್ನು, ತನಗೆ ಅನುಕೂಲವಲ್ಲದ ಕ್ಯಾಮೆರಾದ ಸಂಗತಿಯನ್ನೂ ಸೇರಿಸಿ, ಪ್ರಕಟಿಸಿದ್ದು ಮೆಚ್ಚಬೇಕಾದ ನಡೆ. ಬೇರೆ ಸಂಸ್ಥೆಗಳು ತಮ್ಮ ಕಪಾಟುಗಳನ್ನು ಅಷ್ಟೇ ತೆರೆದು ತೋರಿಸುತ್ತವೆಯೇ ಎಂಬುದು ಇನ್ನು ಕಾದುನೋಡಬೇಕಾದ ಸಂಗತಿ.

ಅದಕ್ಕಿಂತ ತುರ್ತಾದದ್ದು ಇಂದಿನ ಕೆಲಸ. ಗಾಜಾ, ಸುಡಾನ್, ಉಕ್ರೇನ್‌ಗಳಲ್ಲಿ ಈಗ ತೆಗೆಯುತ್ತಿರುವ ಚಿತ್ರಗಳ ಮೂಲ ಕಡತ ಯಾರ ಬಳಿ ಉಳಿಯುತ್ತದೆ, ತೆಗೆದವರು ಸತ್ತರೆ ಹಕ್ಕು ಯಾರಿಗೆ ಹೋಗುತ್ತದೆ, ಸದ್ಯಕ್ಕೆ ಹೆಸರು ಮುಚ್ಚಿಟ್ಟವರ ಗುರುತನ್ನು ಯಾರು ಜೋಪಾನ ಮಾಡುತ್ತಾರೆ ಎಂಬುದನ್ನು ಸಂಸ್ಥೆಗಳು ಈಗಲೇ ಕಾಗದದ ಮೇಲೆ ಬರೆದಿಡಬೇಕು. ಯುದ್ಧ ಅಪರಾಧಗಳ ವಿಚಾರಣೆಯಲ್ಲಿ ಈ ಚಿತ್ರಗಳೇ ಸಾಕ್ಷ್ಯವಾಗುತ್ತವೆ, ಮತ್ತು ನ್ಯಾಯಾಲಯ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ಇದನ್ನು ತೆಗೆದವರು ಯಾರು, ಯಾವಾಗ, ಎಲ್ಲಿ ನಿಂತು? 1972ರಲ್ಲಿ ಆ ವಿವರ ಬರೆದಿಡಲು ಅರ್ಧ ಪುಟ ಸಾಕಿತ್ತು, ಇಂದಿಗೂ ಅಷ್ಟೇ ಸಾಕು. ಅದಕ್ಕೆ ಬೇಕಾದ ಹಣ, ವ್ಯವಸ್ಥೆ ದೊಡ್ಡ ಸಂಸ್ಥೆಗಳ ಬಳಿ ಇದೆ. ಚಿತ್ರ ಕಳುಹಿಸುತ್ತಿರುವವರಲ್ಲಿ ಹಲವರಿಗೆ ಮಾತ್ರ ಲಿಖಿತ ಒಪ್ಪಂದವೇ ಇಲ್ಲ.